ಮಾತು ಕೊಡುವವಳು

ಮಾತು ಬಿಟ್ಟ ಅಕ್ಕತಂಗಿಯರನ್ನು ನೀವೂ ನೋಡಿರುತ್ತೀರಿ. ಓಣಿಯಲ್ಲಿ ಎದುರುಬದುರು ಸಿಕ್ಕರೆ ಒಬ್ಬಳಿಗೆ ಇದ್ದಕ್ಕಿದ್ದಂತೆ ಚಪ್ಪಲಿ ಸಡಿಲವಾಗುತ್ತದೆ, ಇನ್ನೊಬ್ಬಳಿಗೆ ಪಕ್ಕದ ಗೋಡೆಯ ಸುಣ್ಣದ ಮೇಲೆ ಇಲ್ಲದ ಆಸಕ್ತಿ ಹುಟ್ಟಿಕೊಳ್ಳುತ್ತದೆ. ಅದೆಲ್ಲ ಎಲ್ಲ ಕಡೆಯೂ ಇದ್ದದ್ದೇ. ಆದರೆ ಮಾತು ಬಿಟ್ಟ ಮೇಲೂ ಅಕ್ಕನಿಗೆ ಮಾತು ಕೊಡುತ್ತಲೇ ಇದ್ದ ತಂಗಿಯನ್ನು ನೀವು ಕಂಡಿರಲಾರಿರಿ. ಅಂಥವಳು ಒಬ್ಬಳಿದ್ದಳು. ರಂಗಮಂದಿರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಪಿಸು ಎಂದು.

ಅವಳ ಕೆಲಸವೇ ಪಿಸುಗುಡುವುದು. ಒಪೆರಾ ಎಂದರೆ ಆಡುವ ಮಾತನ್ನೆಲ್ಲ ಹಾಡಿಯೇ ಹೇಳುವ ನಾಟಕ. ಅಲ್ಲಿ ಕುಡಿಯಲು ನೀರು ಬೇಕಾದರೂ ಹಾಡಬೇಕು. ಸಾಯುವಾಗ ನಾವು ನೀವಾದರೆ ತೆಪ್ಪಗೆ ಸಾಯುತ್ತೇವೆ, ಅವರು ಅದಕ್ಕೂ ಮುಂಚೆ ಅರ್ಧ ಗಂಟೆ ಹಾಡುತ್ತಾರೆ. ಹಾಡುವವರು ಎಷ್ಟಾದರೂ ಮನುಷ್ಯರು, ಮರೆಯುತ್ತಾರೆ. ಅದಕ್ಕೇ ವೇದಿಕೆಯ ಮುಂದಿನ ಅಂಚಿನಲ್ಲಿ, ನೆಲದಲ್ಲಿ ಅರ್ಧ ಹೂತಂತೆ ಒಂದು ಮರದ ಗೂಡು. ಗೂಡಿನ ಬೆನ್ನು ಪ್ರೇಕ್ಷಕರ ಕಡೆಗೆ, ಬಾಯಿ ಹಾಡುವವರ ಕಡೆಗೆ. ಅದರೊಳಗೆ ಎತ್ತರದ ಸ್ಟೂಲು, ಮುಂದೆ ಪುಸ್ತಕ, ಪುಟಾಣಿ ದೀಪ. ಪಿಸು ಅಲ್ಲಿ ಕುಳಿತು, ಪ್ರತಿ ಸಾಲಿನ ಮೊದಲ ಪದವನ್ನು ಹಾಡುವವರಿಗಿಂತ ಒಂದು ಉಸಿರು ಮುಂಚೆ ಹೇಳುತ್ತಿದ್ದಳು. ವೇದಿಕೆಗೆ ಕೇಳಬೇಕು, ಸಭೆಗೆ ಕೇಳಬಾರದು. ಇದಕ್ಕೆ ರಂಗಮಂದಿರದ ಮಂದಿ ಮಾತು ಕೊಡುವುದು ಎನ್ನುತ್ತಿದ್ದರು.

ಈ ಕಸುಬಿನಿಂದ ಅವಳಿಗೆ ಎರಡು ರೋಗ ಅಂಟಿಕೊಂಡವು. ಒಂದು ಕತ್ತಿನದು. ವರ್ಷಗಟ್ಟಲೆ ಮೇಲೆ ನೋಡಿ ನೋಡಿ, ಬಸ್ಸಿನಲ್ಲಿ ಕುಳಿತರೂ ಗದ್ದ ಎತ್ತಿಯೇ ಕೂರುತ್ತಿದ್ದಳು. ಗುರುತಿಲ್ಲದವರು, ಅಬ್ಬಾ ಎಷ್ಟು ಜಂಬದ ಹೆಂಗಸು ಎಂದುಕೊಳ್ಳುತ್ತಿದ್ದರು. ಇನ್ನೊಂದು ನಾಲಿಗೆಯದು. ಎದುರಿಗಿದ್ದವರು ಮಾತಿನ ನಡುವೆ ಒಂದು ಕ್ಷಣ ತಡವರಿಸಿದರೆ ಸಾಕು, ಮುಂದಿನ ಪದ ಇವಳ ಬಾಯಿಂದ ಬಿದ್ದಿರುತ್ತಿತ್ತು. ಔಷಧಿ ಅಂಗಡಿಯವನು, "ದಿನಕ್ಕೆ ಎರಡು..." ಎನ್ನುವಷ್ಟರಲ್ಲಿ, "ಸಲ" ಎನ್ನುತ್ತಿದ್ದಳು. ಅವನು, "ಮಾತ್ರೆ ರೀ, ಮಾತ್ರೆ. ಒಂದೇ ಸಲಕ್ಕೆ ನುಂಗೋದು," ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ. ಪ್ರಾಯದಲ್ಲಿ ಅವಳಿಗೊಬ್ಬ ಇಷ್ಟವಾಗಿದ್ದ, ಕೊಳಲು ನುಡಿಸುವವನು. ಒಂದು ಸಂಜೆ ಅವನು ಬೆವರು ಒರೆಸಿಕೊಳ್ಳುತ್ತ, "ನೋಡು, ನಾನು ನಿನ್ನನ್ನ..." ಎಂದು ನಿಂತುಬಿಟ್ಟ. ಇವಳು ತಡೆಯಲಾರದೆ, "ಮದುವೆ ಆಗ್ತೀನಿ," ಎಂದು ಕೊಟ್ಟೇಬಿಟ್ಟಳು. ಪಾಪ, ಅವನು ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ನಿನ್ನನ್ನು ಬಿಟ್ಟು ಹೋಗುತ್ತಿದ್ದೇನೆ ಎನ್ನಲು ಬಂದಿದ್ದ. ಇಬ್ಬರೂ ಬಹಳ ಹೊತ್ತು ಕೊಳಲಿನ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಯಾರೂ ಅವಳ ಮುಂದೆ ಹಾಗೆ ತಡವರಿಸಲಿಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅಕ್ಕ ಅದೇ ಕಂಪನಿಯ ದೊಡ್ಡ ಗಾಯಕಿ. ಇಬ್ಬರೂ ಬೆಳೆದದ್ದು ರಂಗಮಂದಿರದ ಹಿಂದಿನ ಇಸ್ತ್ರಿ ಕೋಣೆಯಲ್ಲಿ, ಏಕೆಂದರೆ ಅವರಮ್ಮ ಅಲ್ಲಿ ಪೋಷಾಕುಗಳಿಗೆ ಇಸ್ತ್ರಿ ಹಾಕುವವಳು. ಇಸ್ತ್ರಿ ಮೇಜಿನ ಕೆಳಗೆ ಅಕ್ಕ ಪದ್ಯ ಬಾಯಿಪಾಠ ಮಾಡುವಳು, ತಂಗಿ ಪುಸ್ತಕ ಹಿಡಿದು ಮರೆತ ಕಡೆ ಎತ್ತಿಕೊಡುವಳು. ಕೇಳಿದವರಿಗೆಲ್ಲ ಅಮ್ಮ ಹೇಳುತ್ತಿದ್ದಳು: "ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದ್ದು. ಗಂಟಲೆಲ್ಲ ದೊಡ್ಡವಳು ತಗೊಂಡುಬಿಟ್ಲು, ಚಿಕ್ಕವಳಿಗೆ ಬರೀ ಉಸಿರು ಉಳೀತು." ಇದನ್ನು ಅವಳು ನಕ್ಕೊಂಡೇ ಹೇಳುತ್ತಿದ್ದಳು. ಚಿಕ್ಕವಳೂ ನಗುತ್ತಿದ್ದಳು.

ಆ ಕಂಪನಿಯವರು ಜನಕ್ಕೆ ಅಳಬೇಕೆನ್ನಿಸಿದಾಗಲೆಲ್ಲ ಆಡುತ್ತಿದ್ದುದು ಒಂದು ಹಳೆಯ ಫ್ರೆಂಚ್ ಒಪೆರಾ. ಹುಡುಗ, ಹುಡುಗಿ, ಪ್ರೀತಿ, ಒಪ್ಪದ ಮನೆಯವರು, ಕೊನೆಗೆ ಎರಡು ಹೆಣ. ಕತೆಯಲ್ಲಿ ಅಂಥ ಹೊಸದೇನಿಲ್ಲ, ಆದರೆ ಸಂಗೀತ ಎಂಥವರ ಕಲ್ಲೆದೆಯನ್ನೂ ಕರಗಿಸುವಂಥದ್ದು. ವಿರಾಮದ ನಂತರ ಪರದೆ ಎದ್ದಾಗ ಬೆಳಗಿನ ಜಾವದ ತೋಟ. ಹುಡುಗಿ ಒಬ್ಬಳೇ ವೇದಿಕೆಯ ಅಂಚಿಗೆ ಬಂದು ನಿಂತು, ಮೊದಲು ಹಾಡುವ ಪದ 'ಎಕೂತ್'. ಹಾಗೆಂದರೆ ಕೇಳು ಎಂದರ್ಥ. ನಮ್ಮ ಮಾತಿನಲ್ಲಿ ಕೇಳು ಎಂದರೆ ಕಿವಿಗೊಡು ಎಂದೂ ಆಗುತ್ತದೆ, ಬೇಕಾದದ್ದನ್ನು ಬಾಯಿಬಿಟ್ಟು ಕೇಳು ಎಂದೂ ಆಗುತ್ತದೆ. ಫ್ರೆಂಚಿನಲ್ಲಿ ಅದಕ್ಕೆ ಒಂದೇ ಅರ್ಥ.

ಒಂದು ದಿನ ಇದೇ ಆಟ ನಡೆಯುತ್ತಿದ್ದಾಗ, ವಿರಾಮದಲ್ಲಿ, ಆಸ್ಪತ್ರೆಯಿಂದ ಕಾವಲುಗಾರನಿಗೆ ಫೋನು ಬಂತು. ವಾರದಿಂದ ಮಲಗಿದ್ದ ಅಮ್ಮ ಹೋಗಿಬಿಟ್ಟಿದ್ದಳು. ಕಾವಲುಗಾರ ಗೂಡಿನ ಮೆಟ್ಟಿಲಿಗೆ ಬಂದು ಪಿಸುವಿಗೆ ಹೇಳಿದ. ಅವಳು ಎದ್ದು ಅಕ್ಕನ ಮೇಕಪ್ ಕೋಣೆಯ ಬಾಗಿಲವರೆಗೂ ಹೋದಳು. ಒಳಗೆ ಅಕ್ಕ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದಳು. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ಕೆಳಗಿಳಿಯಿತು. ಈಗ ಹೇಳಿದರೆ ಅಮ್ಮ ಎದ್ದು ಬರುತ್ತಾಳೆಯೇ? ಟಿಕೆಟ್ ಕೊಂಡು ಕೂತ ಅಷ್ಟು ಜನ, ವಾದ್ಯಮೇಳ, ಕಂಪನಿ. ಮುಗಿಯಲಿ, ಆಮೇಲೆ ಹೇಳಿದರಾಯಿತು. ಹೀಗೆಲ್ಲ ತನಗೆ ತಾನೇ ಹೇಳಿಕೊಂಡು ಗೂಡಿಗೆ ಮರಳಿ, 'ಎಕೂತ್' ಎಂದು ಕೊಟ್ಟಳು. ಅಕ್ಕ ಅದನ್ನು ಹಿಡಿದು ಆ ದಿನ ಹಾಡಿದಂತೆ ಯಾವತ್ತೂ ಹಾಡಿರಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ.

ಪರದೆ ಬಿದ್ದ ಮೇಲೆ ವಿಷಯ ಹೇಳಿದಳು. ಅಕ್ಕನ ಕೈತುಂಬ ಹೂವಿತ್ತು.

"ಯಾವಾಗ?" ಎಂದು ಕೇಳಿದಳು ಅಕ್ಕ.

"ಇಂಟರ್ವಲ್‌ನಲ್ಲಿ ಫೋನ್ ಬಂತು."

"ಅಮ್ಮ ಅಲ್ಲಿ ಹಾಗೆ ಮಲಗಿರೋವಾಗ ನಾನಿಲ್ಲಿ ನಗ್ತಾ ಹಾಡಿದೆ. ಊರಿಗೆಲ್ಲ ಮಾತು ಕೊಡ್ತೀಯ. ನಂಗೆ ಕೊಡಬೇಕಾದ ಒಂದು ಮಾತು ನುಂಗ್ಬಿಟ್ಟೆ. ಇನ್ಮೇಲೆ ನಿನ್ನ ಬಾಯಿಂದ ನಂಗೆ ಒಂದು ಮಾತೂ ಬೇಡ."

ಬಿಸಿಯಲ್ಲಿ ಆಡಿದ ಮಾತು, ನಾಲ್ಕು ದಿನಕ್ಕೆ ಆರುತ್ತದೆ ಎಂದುಕೊಂಡರು ಎಲ್ಲರೂ. ಆರಲಿಲ್ಲ. ಅಮ್ಮನ ಕಾರ್ಯವೆಲ್ಲ ಅಕ್ಕಪಕ್ಕ ನಿಂತೇ ಮಾಡಿದರು, ಮುಖ ನೋಡಲಿಲ್ಲ. ನಡುವೆ ಸಿಕ್ಕಿ ನರಳಿದವನು ವಿಗ್ ಕಟ್ಟುವ ಮುದುಕ. ಒಂದೇ ಕೋಣೆಯಲ್ಲಿ ಮೂವರಿದ್ದರೆ ಅಕ್ಕ ಅವನ ಕಡೆ ತಿರುಗಿ, "ಮಳೆ ಬರ್ತಿದೆ, ಕೆಲವರು ಕೊಡೆ ಬಿಟ್ಟು ಬಂದಿದಾರಂತೆ, ನಂದು ತಗೊಂಡು ಹೋಗ್ಲಿ ಅಂತ ಹೇಳಿ," ಎನ್ನುವಳು. ತಂಗಿ, "ಕೆಲವರಿಗೆ ಗಂಟಲು ಮುಖ್ಯ, ಅವರೇ ಇಟ್ಕೊಳ್ಳಲಿ ಅಂತ ಹೇಳಿ," ಎನ್ನುವಳು. ಮುದುಕ ಇಬ್ಬರಿಗೂ ಕೈ ಮುಗಿದು, ಕೊಡೆಯನ್ನು ತಾನೇ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ.

ಅಕ್ಕ ಮ್ಯಾನೇಜರರಿಗೂ ಕಡ್ಡಿ ಮುರಿದಂತೆ ಹೇಳಿದ್ದಳು, ನನ್ನ ಪಾತ್ರಕ್ಕೆ ಮಾತು ಕೊಡಬಾರದು ಎಂದು. ಕೊಡಬೇಕಾಗಿಯೂ ಇರಲಿಲ್ಲ, ಅಕ್ಕನ ನೆನಪು ಅಂಥದ್ದು. ಆದ್ದರಿಂದ ಅವಳ ಸಾಲು ಬಂದಾಗಲೆಲ್ಲ ಪಿಸು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳು. ಆದರೆ ಮುಂದಿನ ವರ್ಷ ಆ ಫ್ರೆಂಚ್ ಒಪೆರಾ ಮತ್ತೆ ಬಂತು. ಬೆಳಗಿನ ಜಾವದ ತೋಟ, ಅಕ್ಕ ಅಂಚಿಗೆ ಬಂದಳು, ನಿಂತಳು. ಹಾಡಲಿಲ್ಲ. ಮೇಳದ ಮೇಷ್ಟ್ರ ಕೋಲು ಗಾಳಿಯಲ್ಲೇ ಉಳಿಯಿತು. ಅಕ್ಕ ನಿಧಾನವಾಗಿ ತಲೆ ಬಗ್ಗಿಸಿ ಗೂಡನ್ನು ನೋಡಿದಳು. ದೀಪಗಳೆಲ್ಲ ಅವಳ ಹಿಂದೆ, ಕೆಳಗಿನಿಂದ ಪಿಸುವಿಗೆ ಕಂಡದ್ದು ಕಪ್ಪಗಿನ ಒಂದು ಮುಖದ ಆಕಾರ ಮಾತ್ರ. ಪಿಸು 'ಎಕೂತ್' ಎಂದಳು. ಅಕ್ಕ ಹಾಡಿದಳು.

ಅಂದಿನಿಂದ ಪ್ರತಿ ಆಟದಲ್ಲೂ ಅದೇ ಜಾಗದಲ್ಲಿ ಅಕ್ಕ ನಿಲ್ಲುತ್ತಿದ್ದಳು, ಕೆಳಗೆ ನೋಡುತ್ತಿದ್ದಳು, ತಂಗಿ ಕೊಡುತ್ತಿದ್ದಳು. ಆ ದಿನದ ಪೆಟ್ಟು ಆ ಪದದ ಮೇಲೆ ಬಿದ್ದಿದೆ, ಅದಕ್ಕೇ ಅದೊಂದು ಮರೆತುಹೋಗುತ್ತದೆ ಎಂದು ಪಿಸು ನಂಬಿದ್ದಳು. ನಾನಿಲ್ಲದಿದ್ದರೆ ಅಕ್ಕ ಅಲ್ಲಿ ಎಲ್ಲರ ಮುಂದೆ ಬಿದ್ದುಹೋಗುತ್ತಾಳೆ ಎಂಬ ಯೋಚನೆಯಲ್ಲಿ ಅವಳಿಗೆ ಸಂಕಟವೂ ಇತ್ತು, ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಇತ್ತು. ಕೀಲಿಕೈ ಮಾಡುವವನ ಅಂಗಡಿಯ ಮೇಲೆ ಅವಳದೊಂದು ಬಾಡಿಗೆ ಕೋಣೆ. ಅಲ್ಲಿ ಒಂದು ತಟ್ಟೆ, ಒಂದು ಲೋಟ, ಮಾತಾಡಲು ರೇಡಿಯೋ. ಅಲ್ಲಿಂದ ಅವಳು ರಂಗಮಂದಿರಕ್ಕೆ ಓಡೋಡಿ ಬರುತ್ತಿದ್ದುದು ಆ ಒಂದು ಪದಕ್ಕಾಗಿ. ಅಕ್ಕನಿಗೂ ಅವಳಿಗೂ ಉಳಿದಿದ್ದುದು ಅದೊಂದೇ. ಅದೂ ಹೋದರೆ ಅವಳ ಪಾಲಿಗೆ ಅಕ್ಕ ಪೂರ್ತಿ ಹೋದ ಹಾಗೆ.

ಹೀಗಿರುವಾಗ ಕಂಪನಿ ಆ ಒಪೆರಾವನ್ನು ಚಿತ್ರೀಕರಿಸಲು ಹೊರಟಿತು. ವೇದಿಕೆಯ ಮೇಲೆ ಆಡುವುದನ್ನೇ ಹಿಡಿದು ಸಿನಿಮಾ ಹಾಲುಗಳಲ್ಲಿ ತೋರಿಸುವುದಂತೆ. ಕ್ಯಾಮೆರಾ ಮೇಡಂ ಒಬ್ಬರು ಬಂದು, ಕುರ್ಚಿಗಳ ನಡುವೆ ಅತ್ತಿತ್ತ ಓಡಾಡಿ, ಕಣ್ಣು ಕಿರಿದು ಮಾಡಿ ಗೂಡಿನ ಕಡೆ ಬೆರಳು ತೋರಿದರು.

"ಈ ಗುಬುಟು ಏನ್ರೀ? ಎಲ್ಲಿಂದ ಹಿಡಿದರೂ ಚೌಕಟ್ಟಿಗೆ ಬರ್ತಿದೆ. ತೆಗೆಸಿ."

"ಗುಬುಟು ಅಲ್ಲ ಮೇಡಂ," ಎಂದಳು ಗುಬುಟಿನೊಳಗಿಂದ ಪಿಸು. ಮೇಡಂ ಬೆಚ್ಚಿಬಿದ್ದರು.

ಮ್ಯಾನೇಜರ್ ಸಮಾಧಾನಕ್ಕೆ ಬಂದರು. ಗೂಡು ಬಿಚ್ಚಿ, ತೂತಿಗೆ ಹಲಗೆ ಹೊಡೆಯುವುದೆಂದೂ, ಹೇಗಿದ್ದರೂ ಮುಂದೆ ಹಾಡುವವರಿಗೆ ಪಕ್ಕದ ಟಿವಿ ಪರದೆಗಳಲ್ಲಿ ಸಾಲು ಕಾಣಿಸುವ ಏರ್ಪಾಟು ಬರಲಿದೆಯೆಂದೂ, ಅವಳಿಗೆ ಪೋಷಾಕಿನ ಕೋಣೆಯಲ್ಲಿ ಕೆಲಸ ಕೊಡುವುದೆಂದೂ ಹೇಳಿದರು. ಪಿಸು ತನ್ನ ಕೆಲಸದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. "ಮೂರನೇ ಅಂಕದ ಶುರುವಲ್ಲಿ ಅವಳು ಮರೀತಾಳೆ ಸಾರ್. ಅಲ್ಲಿಗಾದ್ರೂ ನಾನು ಬೇಕು," ಎಂದಳು.

"ಮರೆತರೆ ಮತ್ತೊಂದು ಸಲ ತೆಗೆಯೋದು. ಇದು ಶೂಟಿಂಗ್ ಅಲ್ವೇನಮ್ಮ," ಎಂದರು ಮ್ಯಾನೇಜರ್.

ಅವಳು ವಿಗ್ ಮುದುಕನ ಹತ್ತಿರ ಓಡಿದಳು. "ಅವಳಿಗೆ ಹೇಳಿ, ಗೂಡು ತೆಗೀತಿದಾರೆ ಅಂತ. ಬೇಡ ಅಂತ ಅವಳು ಒಂದು ಮಾತು ಅಂದ್ರೆ ಬಿಡ್ತಾರೆ." ಮುದುಕ ಹೋಗಿ ಬಂದ.

"ಏನಂದ್ಲು?"

"ಕನ್ನಡೀಲಿ ಮುಖ ನೋಡ್ಕೊಂಡು ಕೂತೇ ಇದ್ಲು. ಆಮೇಲೆ, ಹಲಗೆ ಯಾವಾಗ ಹೊಡೀತಾರೆ ಅಂತ ಕೇಳಿದ್ಲು. ನಾಳೆ ಅಂದೆ. ಸರಿ ಅಂದ್ಲು."

ಸರಿ ಅಂದಳಂತೆ.

ಚಿತ್ರೀಕರಣದ ದಿನ ಅವಳು ಪೋಷಾಕಿನ ಕೋಣೆಯಲ್ಲಿ ಇರಬೇಕಿತ್ತು. ಕಾಲುಗಳು ಕೇಳಬೇಕಲ್ಲ. ವೇದಿಕೆಯ ಅಡಿಗೆ ಇಳಿದು, ತನ್ನ ಹಳೆಯ ಜಾಗದಲ್ಲಿ ನಿಂತಳು. ಸ್ಟೂಲನ್ನು ಒಯ್ದಿದ್ದರು. ತಲೆಯ ಮೇಲೆ ಹೊಸ ಹಲಗೆ, ಇನ್ನೂ ಅಂಟಿನ ವಾಸನೆ ಬರುತ್ತಿತ್ತು. ಮೊದಲೆರಡು ಅಂಕ ಮುಗಿದವು. ಮೂರನೆಯದು ಶುರುವಾಯಿತು. ಅಕ್ಕನ ಹೆಜ್ಜೆ ಅವಳಿಗೆ ಗೊತ್ತು, ಎಡಗಾಲು ಕೊಂಚ ಭಾರ. ಆ ಹೆಜ್ಜೆ ಬಂದು ಸರಿಯಾಗಿ ತಲೆಯ ಮೇಲೆಯೇ ನಿಂತಿತು. ಒಂದು ಗಳಿಗೆ ಮೌನ. ಪಿಸು ಹಲಗೆಗೆ ಬಾಯಿ ಹಚ್ಚಿ, ಕೊಡಬೇಕು ಎನ್ನುವಷ್ಟರಲ್ಲಿ ಮೇಲಿನಿಂದ 'ಎಕೂತ್' ಎಂದು ಅಕ್ಕನ ದನಿ ಎದ್ದಿತು. ಎಲ್ಲೂ ಅಂಕುಡೊಂಕಿಲ್ಲ, ನಡುಕವಿಲ್ಲ. ಹಾಡು ಮುಂದೆ ಹೋಯಿತು.

ಪಿಸು ತೆರೆದ ಬಾಯಿ ತೆರೆದ ಹಾಗೇ ನಿಂತಿದ್ದಳು. ಹಾಗಾದರೆ ಅಕ್ಕನಿಗೆ ಆ ಪದ ಬರುತ್ತದೆ. ನಾನು ಬೇಕೇ ಇರಲಿಲ್ಲ. ಇಷ್ಟು ವರ್ಷ ವಾಲದೇ ಇದ್ದ ಕಂಬಕ್ಕೆ ಆನಿಕೆಯಾಗಿ ನಿಂತಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಅಳು ಬಂತು. ಅಲ್ಲಿ ಅಳುವುದಕ್ಕೇನೂ ಅಡ್ಡಿಯಿರಲಿಲ್ಲ, ಮೇಲೆ ಮೇಳ ಜೋರಾಗಿ ನುಡಿಯುತ್ತಿತ್ತು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವಂಥದ್ದು ಏನಿದೆ? ಪೋಷಾಕಿನ ಕೋಣೆಯಲ್ಲಿ ಗುಂಡಿ ಹೊಲಿದಳು, ಬೂಟುಗಳ ಜೋಡಿ ಹುಡುಕಿದಳು. ಇಸ್ತ್ರಿಯ ಬಿಸಿ ವಾಸನೆ ಮೂಗಿಗೆ ಬಡಿದಾಗ ಅಮ್ಮನ ನೆನಪಾಗಿ ಕಿಟಕಿ ತೆರೆಯುತ್ತಿದ್ದಳು. ಮನೆಯಲ್ಲಿ ರೇಡಿಯೋದವನು ತಡವರಿಸುತ್ತಲೇ ಇರಲಿಲ್ಲ, ಅವನಿಗೂ ಇವಳ ಅಗತ್ಯವಿರಲಿಲ್ಲ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಿಂದ ಹೊರಟ ಮಾತು, ಬಸ್ಸಿನಲ್ಲಿ ಇಳಿಯುವ ಜಾಗದ ಹೆಸರು ಅಷ್ಟೇ. ಕತ್ತು ಮಾತ್ರ ಹಳೆಯ ಚಾಳಿ ಬಿಡದೆ ಮೇಲೆಯೇ ನೋಡುತ್ತಿತ್ತು. ಕೋಣೆಯ ಸೂರಿನಲ್ಲಿ ನೋಡಲು ಏನಿತ್ತು, ಒಂದು ಬಲ್ಬು, ಒಂದು ಜೇಡ.

ಸಿನಿಮಾ ಬಂತು. ಕಂಪನಿಯವರಿಗೆಲ್ಲ ಒಂದು ಮಧ್ಯಾಹ್ನದ ಆಟದ ಪಾಸು ಕೊಟ್ಟರು. ಪಿಸು ತನ್ನದನ್ನು ಗುಂಡಿಯ ಡಬ್ಬಿಯೊಳಗೆ ಹಾಕಿಟ್ಟಳು. ವಿಗ್ ಮುದುಕ ಬಿಡಬೇಕಲ್ಲ.

"ಬಾರೇ ಮಾರಾಯ್ತಿ. ಪರದೆ ಮೇಲೆ ನಿಮ್ಮಕ್ಕನ ಮೂಗು ಬಾಗಿಲಷ್ಟು ದೊಡ್ಡದಾಗಿ ಕಾಣುತ್ತಂತೆ. ನೋಡಿ ಖುಷಿಪಡು."

"ನಾನು ನೋಡಿರೋದೇ ಆ ಮೂಗಿನ ಹೊಳ್ಳೆ. ನಂಗೇನೂ ಹೊಸದಲ್ಲ," ಎಂದಳು ಪಿಸು. ಆದರೂ ಹೋದಳು.

ಸಿನಿಮಾ ಹಾಲಿನಲ್ಲಿ ಕೊನೆಯ ಸಾಲಿಗೆ ಹೋಗಿ ಕೂತಳು. ಮುಂದೆ, ಬಹಳ ಮುಂದೆ, ಅಕ್ಕನ ತಲೆ ಕಂಡಿತು. ಅಕ್ಕಪಕ್ಕದ ಕುರ್ಚಿಗಳು ಖಾಲಿ. ದೊಡ್ಡ ಗಾಯಕಿಯ ಪಕ್ಕದಲ್ಲಿ ಕೂರುವ ಧೈರ್ಯ ಯಾರಿಗೂ ಇರಲಿಲ್ಲವೋ, ಅಥವಾ ಕರೆದುಕೊಂಡು ಬರಲು ಅವಳಿಗೂ ಯಾರೂ ಇರಲಿಲ್ಲವೋ. ವಿಗ್ ಇಲ್ಲದ ಕೂದಲು ಹಿಂದಿನಿಂದ ಪೂರ್ತಿ ಬೆಳ್ಳಗೆ. ಅಕ್ಕನಿಗೆ ವಯಸ್ಸಾಗಿದೆ ಎಂಬುದು ಪಿಸುವಿಗೆ ಗೊತ್ತೇ ಇರಲಿಲ್ಲ. ಗೂಡಿನಿಂದ ಗದ್ದ ಕಾಣುತ್ತದೆ, ಕೈ ಕಾಣುತ್ತದೆ, ತಲೆಯ ಹಿಂಭಾಗ ಕಾಣುವುದಿಲ್ಲ.

ದೀಪ ಆರಿತು. ಪರದೆಯ ಮೇಲೆ ಅಕ್ಕ ಬಂದಳು, ವೇದಿಕೆಯ ಮೇಲೆ ಹಾಡುವ ಅವಳ ಮುಖ ಮೊದಲ ಸಲ ನೇರವಾಗಿ ಎದುರಿಗಿತ್ತು. ಹಾಡುವಾಗ ಅಕ್ಕ ಹುಬ್ಬು ಗಂಟಿಕ್ಕುತ್ತಾಳೆ, ಥೇಟ್ ಅಮ್ಮ ಮೊಂಡು ಸುಕ್ಕಿಗೆ ಇಸ್ತ್ರಿ ಒತ್ತುವಾಗ ಮಾಡುತ್ತಿದ್ದ ಹಾಗೆ. ಇದನ್ನೂ ಪಿಸು ಇವತ್ತೇ ನೋಡಿದ್ದು. ಎರಡು ಅಂಕ ಅವಳು ಕಥೆ ನೋಡಲಿಲ್ಲ, ಆ ಹುಬ್ಬುಗಳನ್ನೇ ನೋಡಿದಳು.

ಮೂರನೇ ಅಂಕ. ಬೆಳಗಿನ ಜಾವದ ತೋಟ. ಅಕ್ಕ ವೇದಿಕೆಯ ಅಂಚಿಗೆ ಬಂದಳು, ಹೊಸ ಹಲಗೆಯ ಮೇಲೆ ನಿಂತಳು, ತಲೆ ಬಗ್ಗಿಸಿ ಕೆಳಗೆ ನೋಡಿದಳು. ಕ್ಯಾಮೆರಾ ಮೇಡಂ ಆ ಮುಖವನ್ನು ಹತ್ತಿರದಿಂದ, ಕೆಳಗಿನಿಂದ, ಚೆನ್ನಾಗಿ ಬೆಳಕು ಕೊಟ್ಟು ಹಿಡಿದಿದ್ದರು. ಗೂಡಿನಿಂದ ಯಾವಾಗಲೂ ಕಪ್ಪಗೆ ಕಂಡ ಮುಖ ಈಗ ಇಡೀ ಗೋಡೆಯಷ್ಟು ಅಗಲವಾಗಿ, ಒಂದು ಸುಕ್ಕೂ ಬಿಡದೆ, ಪಿಸುವಿನ ಕಣ್ಣೆದುರಿತ್ತು.

ಮರೆತವರ ಮುಖ ಹೇಗಿರುತ್ತದೆ ಎಂದು ಪಿಸುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಣ್ಣು ಸೂರಿಗೆ ಏರುತ್ತದೆ, ತುಟಿ ಇಲ್ಲದ್ದನ್ನು ಹುಡುಕುತ್ತದೆ, ಕತ್ತಿನ ನರ ಎದ್ದು ನಿಲ್ಲುತ್ತದೆ. ಅಕ್ಕನ ಮುಖದಲ್ಲಿ ಅದೊಂದೂ ಇರಲಿಲ್ಲ. ತುಟಿ ಆಗಲೇ 'ಎ' ಎನ್ನಲು ಅಗಲವಾಗಿತ್ತು, ಪದ ನಾಲಿಗೆಯ ತುದಿಗೆ ಬಂದು ಕೂತಿತ್ತು. ಆದರೂ ಅವಳು ಹಾಡದೆ, ಕಣ್ಣನ್ನು ಹಲಗೆಯ ಮೇಲಿಟ್ಟು, ಕಾಯುತ್ತಿದ್ದಳು.

ಅಕ್ಕ ಯಾವತ್ತೂ ಮರೆತಿರಲಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದವಳು, ಬೇಕು ಎಂದು ಹೇಳಲಾರದೆ, ಆಟ ಆಟಕ್ಕೂ ಮರೆತವಳ ಹಾಗೆ ನಿಂತು ತಂಗಿಯ ಒಂದು ಮಾತು ಕೇಳಿಸಿಕೊಂಡು ಹೋಗುತ್ತಿದ್ದಳು. ಕೆಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಚಿತ್ರೀಕರಣದ ದಿನವೂ ನಿಂತಿದ್ದಳು. ಪಿಸು ಅದೇ ಹಲಗೆಯ ಅಡಿಯಲ್ಲಿ ನಿಂತು, ತಾನು ಬೇಡವಾದೆ ಎಂದು ಅತ್ತಿದ್ದಳು.

ಇಷ್ಟೆಲ್ಲ ಹೇಳಲು ನನಗೆ ಹೊತ್ತು ಹಿಡಿಯಿತು. ಪಿಸುವಿಗೆ ಹಿಡಿದದ್ದು ಅರ್ಧ ಉಸಿರು. ಉಳಿದರ್ಧ ಉಸಿರಿನಲ್ಲಿ ಅವಳ ಬಾಯಿ ತಾನಾಗಿ ತೆರೆದುಕೊಂಡಿತು.

"ಎಕೂತ್."

ಪಿಸುಮಾತೇನಲ್ಲ. ಕೊನೆಯ ಸಾಲಿನಿಂದ ಮೊದಲ ಸಾಲಿನವರೆಗೂ ಎಲ್ಲರಿಗೂ ಕೇಳಿತು. ಅದನ್ನೇ ಕಾದಿದ್ದವಳಂತೆ ಪರದೆಯ ಮೇಲಿನ ಅಕ್ಕ ಆ ಪದವನ್ನು ಹಿಡಿದು ಹಾಡಿದಳು. ಹಾಲಿನಲ್ಲಿ ನಾಲ್ಕಾರು ಕಡೆಯಿಂದ ಉಶ್ ಉಶ್ ಎಂದರು. ಯಾರೋ, "ಮನೇಲಿ ಹೋಗಿ ಹಾಡ್ಕೊಳ್ಳಮ್ಮ," ಎಂದ. ಪಿಸುವಿಗೆ ಅದೊಂದೂ ಕೇಳಿಸಲಿಲ್ಲ. ಮುಂದೆ, ಆ ಬೆಳ್ಳಗಿನ ತಲೆ ಹಿಂದಕ್ಕೆ ತಿರುಗಿತ್ತು. ಪರದೆಯ ಮೇಲೆ ಅಕ್ಕ ಹಾಡಿದಳು, ಪ್ರೀತಿಸಿದಳು, ಅರ್ಧ ಗಂಟೆ ಹಾಡಿ ಸತ್ತಳು. ಮುಂದಿನ ಸಾಲಿನ ಅಕ್ಕ ಅದು ಯಾವುದನ್ನೂ ನೋಡಲಿಲ್ಲ, ಕತ್ತಲಲ್ಲಿ ಹಿಂದೆಯೇ ನೋಡುತ್ತ ಕೂತಿದ್ದಳು.

ದೀಪ ಹತ್ತಿತು. ಜನ ಮೂಗೊರೆಸಿಕೊಳ್ಳುತ್ತ ಎದ್ದರು. ವಿಗ್ ಮುದುಕ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ, ಈ ಸಲ ಯಾರೂ ತನ್ನನ್ನು ಕರೆಯದಿರುವುದನ್ನು ಕಂಡು ಮೆಲ್ಲಗೆ ಬಾಗಿಲಿನತ್ತ ಜಾರಿಕೊಂಡ. ಅಕ್ಕ ಇಳಿಜಾರನ್ನು ಏರಿಕೊಂಡು ಬಂದಳು, ಎಡಗಾಲು ಕೊಂಚ ಭಾರ. ಕೊನೆಯ ಸಾಲಿನ ಹತ್ತಿರ ನಿಂತಳು. ಪಿಸು ಎದ್ದು ನಿಂತಳು. ಇಬ್ಬರೂ ಒಂದೇ ಎತ್ತರ, ಅದೂ ಮರೆತುಹೋಗಿತ್ತು.

ಅಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ಕಣ್ಣು ಸೂರಿಗೆ ಏರಿತು, ತುಟಿ ಇಲ್ಲದ್ದನ್ನು ಹುಡುಕಿತು, ಕತ್ತಿನ ನರ ಎದ್ದು ನಿಂತಿತು. ಇದು ನಟನೆಯಲ್ಲ ಎಂದು ಪಿಸುವಿಗೆ ಚೆನ್ನಾಗಿ ಗೊತ್ತು. ಅವಳು ಗದ್ದ ಎತ್ತಿ, ಅಕ್ಕನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೊಟ್ಟಳು.

"ಊಟ..."

"ಊಟ ಆಯ್ತೇನೇ?" ಎಂದಳು ಅಕ್ಕ.